ನನ್ನ ರವಿಕೆ ನಾನೇ ಹೊಲಿಯಬೇಕು: ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ

ಕೆಂಪು ದಾಸವಾಳ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಈ ಹೊಲಿಗೆ ಗುಂಪಿನಲ್ಲಿ ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳಲೇಬೇಕು ಅನ್ನಿಸಿತು.

ನನಗೆ 47 ವರ್ಷ. ಎರಡು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಗಿ ಎಡ ಸ್ತನವನ್ನು ಪೂರ್ತಿ ತೆಗೆದರು. ಕಂಕುಳ ಗಂಟುಗಳನ್ನೂ (ದುಗ್ಧಗ್ರಂಥಿ) ತೆಗೆದಿದ್ದರಿಂದ ಎಡತೋಳು ಆಗಾಗ ಊದಿಕೊಳ್ಳುತ್ತದೆ. ಈಗ ಚೆನ್ನಾಗಿದ್ದೇನೆ. ಶಾಲೆಯಲ್ಲಿ ಕೆಲಸ, ದಿನಾ ಸೀರೆ ಉಡಬೇಕು.

ತೊಂದರೆ ಇರುವುದು ರವಿಕೆಯದು. ಹಳೆಯವೆಲ್ಲ ಎಡಗಡೆ ಜೋಲು ಬೀಳುತ್ತವೆ, ಎಡತೋಳಿಗೆ ಮಾತ್ರ ಬಿಗಿ. ರೆಡಿಮೇಡ್ ತಂದರೂ ಅದೇ ಕತೆ. ಒಮ್ಮೆ ಟೇಲರ್ ಅಂಗಡಿಗೆ ಹೋದೆ. ಅಳತೆ ತೆಗೆಯುವಾಗ ವಿಷಯ ಹೇಳಬೇಕಾಯಿತು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ನಿಂತಿದ್ದರು. ಅಷ್ಟೆಲ್ಲ ಹೇಳಿದ ಮೇಲೂ ಹೊಲಿದು ಕೊಟ್ಟಿದ್ದು ಎರಡೂ ಕಡೆ ಒಂದೇ ಅಳತೆಯ ರವಿಕೆ. ಮತ್ತೆ ಆ ಕಡೆ ಹೋಗಲು ಮನಸ್ಸಾಗಲಿಲ್ಲ.

ಮನೆಯಲ್ಲಿ ಅತ್ತೆಯ ಕಾಲು ಮಷೀನು ಇದೆ. ಅವರಿಗೆ 80 ದಾಟಿದೆ, ಕಣ್ಣು ಮಂಜು. ಹತ್ತು ವರ್ಷದಿಂದ ಯಾರೂ ತುಳಿದಿಲ್ಲ. ನನಗೆ ಗುಂಡಿ ಹಾಕುವುದು, ಸೀರೆಗೆ ಫಾಲ್ಸ್ ಹೊಲಿಯುವುದು ಬಿಟ್ಟರೆ ಏನೂ ಬರುವುದಿಲ್ಲ. ನನ್ನ ಮೈಗೆ ಕೂರುವ ರವಿಕೆಯನ್ನು ನಾನೇ ಹೊಲಿದುಕೊಳ್ಳಬಹುದಾ? ಎಲ್ಲಿಂದ ಶುರು ಮಾಡಲಿ?

ಬಾಬಿನ್ ಪೆಟ್ಟಿಗೆ (ಮೈಸೂರು)

ಖಂಡಿತ ಹೊಲಿಯಬಹುದು ತಂಗಿ. ನಾನು 31 ವರ್ಷ ಹೊಲಿಗೆ ಕ್ಲಾಸ್ ನಡೆಸಿದವಳು. ಫಾಲ್ಸ್ ಹೊಲಿಯಲು ಬರುತ್ತದೆ ಅಂದೆಯಲ್ಲ, ಅದು ಸಣ್ಣ ಮಾತಲ್ಲ. ಸೀರೆಯ ಮೇಲ್ಗಡೆ ಹೊಲಿಗೆ ಕಾಣದ ಹಾಗೆ ಉದ್ದದ ಅಂಚಿಗೆ ಕೂತು ಸೂಜಿ ಹಾಕುವ ತಾಳ್ಮೆ ಇದ್ದವರಿಗೆ ಮಷೀನು ಕಷ್ಟವೇ ಅಲ್ಲ.

ಆದರೆ ಮೊದಲ ದಿನವೇ ರವಿಕೆ ಬಟ್ಟೆಗೆ ಕತ್ತರಿ ಹಾಕಬೇಡ. ಗೆರೆ ಇರುವ ನೋಟ್‌ಬುಕ್ ಹಾಳೆ ತಗೋ. ಸೂಜಿಗೆ ದಾರ ಪೋಣಿಸದೆ, ಗೆರೆಯ ಮೇಲೆ ತೂತು ಬೀಳುವ ಹಾಗೆ ತುಳಿ. ಒಂದು ವಾರ ಅಷ್ಟೇ. ಕಾಲಿಗೂ ಕಣ್ಣಿಗೂ ಹೊಂದಾಣಿಕೆ ಬರಬೇಕು. ಆಮೇಲೆ ಎರಡು ದಿಂಬಿನ ಕವರ್, ಒಂದು ಒಳಲಂಗ. ಲಂಗದಲ್ಲಿ ನೆಟ್ಟನೆ ಹೊಲಿಗೆ, ಕೆಳಗೆ ಮಡಿಕೆ, ಲಾಡಿ ಹಾಕುವ ಪಟ್ಟಿ ಎಲ್ಲ ಬರುತ್ತದೆ. ಅದಾದ ಮೇಲೆ ಹಳೇ ಪಂಚೆಯಲ್ಲಿ ಟ್ರಯಲ್ ರವಿಕೆ. ಒಳ್ಳೆ ಬಟ್ಟೆ ಮುಟ್ಟುವುದು ಅದರ ನಂತರ.

ಒಂದು ಮಾತು ಕೇಳಬೇಕು. ಒಳಗೆ ಪ್ಯಾಡ್ ಇಟ್ಟುಕೊಂಡು ಎರಡೂ ಕಡೆ ಸಮ ಕಾಣಬೇಕಾ, ಅಥವಾ ಎಡಗಡೆ ಚಪ್ಪಟೆಯಾಗೇ ಇರಲಿ ಅಂತ ಇದೆಯಾ? ಕಟಿಂಗ್ ಪೂರ್ತಿ ಅದರ ಮೇಲೆ ನಿಂತಿದೆ. ಎರಡೂ ಸರಿಯೇ, ನಿನಗೆ ಯಾವುದು ಹಿತವೋ ಅದು.

ದಾವಣಗೆರೆ ರಿಪೇರಿ

ಮೇಡಂ, ಹತ್ತು ವರ್ಷ ನಿಂತ ಮಷೀನನ್ನು ಒಮ್ಮೆಲೇ ತುಳಿಯಬೇಡಿ. ನಾನು ಮಷೀನು ರಿಪೇರಿ ಮಾಡುವವನು.

ಮೊದಲು ಬೆಲ್ಟ್ ಬಿಚ್ಚಿ. ಕೈಯಿಂದ ಚಕ್ರವನ್ನು ನಿಧಾನಕ್ಕೆ ನಿಮ್ಮ ಕಡೆಗೆ ತಿರುಗಿಸಿ. ತಿರುಗದೆ ಹೋದರೆ ಜೋರು ಮಾಡಬೇಡಿ. ಒಳಗೆ ಹಳೇ ಎಣ್ಣೆ ಅಂಟಾಗಿ ಒಣಗಿರುತ್ತದೆ, ಅಷ್ಟೇ. ಎಣ್ಣೆ ಬಿಡುವ ತೂತುಗಳಿಗೆಲ್ಲ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿ ಹಾಗೇ ಇಡಿ. ಬೆಂಕಿ ಹತ್ತಿರ ಇರಬಾರದು. ಬೆಳಿಗ್ಗೆ ಮತ್ತೆ ತಿರುಗಿಸಿ. ಸಡಿಲ ಆದ ಮೇಲೆ ಒರೆಸಿ, ಮಷೀನ್ ಎಣ್ಣೆ ಹಾಕಿ. ತೆಂಗಿನೆಣ್ಣೆ, ಅಡುಗೆ ಎಣ್ಣೆ ಯಾವ ಕಾರಣಕ್ಕೂ ಬೇಡ. ಅವು ಒಣಗಿ ಗೋಂದಿನ ಹಾಗೆ ಹಿಡಿಯುತ್ತವೆ. ನನ್ನ ಹತ್ತಿರ ಬರುವ ಹಳೇ ಮಷೀನುಗಳಲ್ಲಿ ಇದೇ ರೋಗ ಜಾಸ್ತಿ.

ಬಟ್ಟೆಯನ್ನು ತಳ್ಳುವ ಹಲ್ಲುಗಳ ಮೇಲಿನ ತಗಡು ಬಿಚ್ಚಿ ನೋಡಿ. ಕೆಳಗೆ ಹತ್ತಿ ಧೂಳು ಒತ್ತಿ ಕೂತಿರುತ್ತದೆ. ಹಳೇ ಟೂತ್‌ಬ್ರಷ್‌ನಲ್ಲಿ ತೆಗೆಯಿರಿ. ಚರ್ಮದ ಬೆಲ್ಟ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ, ಅದು ದುಬಾರಿಯಲ್ಲ. ಸೂಜಿ ಹೊಸದು ತಗೊಳ್ಳಿ. ರವಿಕೆ ಬಟ್ಟೆಗೆ 14 ನಂಬರ್ ಸಾಕು, ತೆಳು ಹತ್ತಿಯ ಮಲ್ ಬಟ್ಟೆ ಆದರೆ 11. ಸೂಜಿಯಲ್ಲಿ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉದ್ದ ಗೀರು ಇರುತ್ತದೆ. ದಾರ ಗೀರು ಇರುವ ಕಡೆಯಿಂದಲೇ ಒಳಗೆ ಹೋಗಬೇಕು. ಸೂಜಿ ಉಲ್ಟಾ ಹಾಕಿದರೆ ಹೊಲಿಗೆ ಬೀಳುವುದೇ ಇಲ್ಲ.

ಹೊಸ ಸೂಜಿ

ಅಣ್ಣ, ನಂದೊಂದು ಪ್ರಶ್ನೆ. ಮೇಲೆ ಹೊಲಿಗೆ ಚೆನ್ನಾಗಿದೆ, ಬಟ್ಟೆ ತಿರುಗಿಸಿದರೆ ಕೆಳಗಡೆ ದಾರ ಗೊಂಚಲು ಗೊಂಚಲು. ಕೆಳಗಿನ ದಾರ ಇರುವ ಬಾಬಿನ್ ಕೇಸ್ ಸ್ಕ್ರೂ ತಿರುಗಿಸಿ ತಿರುಗಿಸಿ ಸಾಕಾಯಿತು.

ದಾವಣಗೆರೆ ರಿಪೇರಿ

ಕೆಳಗೆ ಗೊಂಚಲು ಬಂದರೆ ತಪ್ಪು ಮೇಲಿನ ದಾರದ್ದು. ಎಲ್ಲರೂ ಬಾಬಿನ್ ಮೇಲೆ ಹೋಗುತ್ತಾರೆ. ಬಟ್ಟೆ ಒತ್ತಿ ಹಿಡಿಯುವ ಪಾದ ಎತ್ತಿಟ್ಟು ಮೇಲಿನ ದಾರವನ್ನು ಮತ್ತೆ ಮೊದಲಿಂದ ಹಾಕಿ. ಪಾದ ಇಳಿಸಿದ್ದಾಗ ದಾರ ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳು ಒತ್ತಿಕೊಂಡಿರುತ್ತವೆ, ದಾರ ಒಳಗೆ ಕೂರುವುದಿಲ್ಲ.

ಬಾಬಿನ್ ಕೇಸ್ ಸರಿ ಇದೆಯಾ ನೋಡಲು ಅದರ ದಾರ ಹಿಡಿದು ಗಾಳಿಯಲ್ಲಿ ತೂಗಿಬಿಡಿ. ಸುಮ್ನೆ ಹಿಡಿದರೆ ನಿಲ್ಲಬೇಕು. ಕೈ ಸ್ವಲ್ಪ ಜಗ್ಗಿದರೆ ಒಂದಿಂಚು ಇಳಿದು ಮತ್ತೆ ನಿಲ್ಲಬೇಕು. ಸರ್ರನೆ ಇಳಿದರೆ ಸಡಿಲ, ಇಳಿಯದೇ ಹೋದರೆ ಬಿಗಿ.

ಪೀಣ್ಯ ಲೈನ್

ಅಕ್ಕ, ನಿಮ್ಮ ಬರಹ ಓದಿ ಸುಮ್ಮನಿರಲು ಆಗಲಿಲ್ಲ.

ನಾನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ 14 ವರ್ಷ ಕೆಲಸ ಮಾಡಿದೆ. ಅದರಲ್ಲಿ ಒಂಬತ್ತು ವರ್ಷ ಬರೀ ಕಾಲರ್. ಎಡಗಡೆಯವಳಿಂದ ಬಂಡಲ್ ಬರುತ್ತದೆ, ಕಾಲರ್ ಕೂರಿಸಿ ಬಲಗಡೆಯವಳಿಗೆ ಕೊಡುವುದು. ಗಂಟೆಗೆ ಇಷ್ಟು ಅಂತ ಟಾರ್ಗೆಟ್. ಸಾವಿರಾರು ಶರ್ಟು ಕೈಯಲ್ಲಿ ಹಾದು ಹೋಗಿವೆ. ಆದರೆ ಮನೆಗೆ ಮಷೀನು ತಂದು ಮಗನಿಗೆ ಒಂದು ಶರ್ಟು ಪೂರ್ತಿ ಹೊಲಿಯಲು ಕೂತಾಗ ತೋಳು ಕೂರಿಸುವುದು ಹೇಗೆ ಅಂತ ಗೊತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟರು. ಅವನು ಆ ಶರ್ಟು ಹಾಕಿಕೊಂಡು ಓಣಿಯಲ್ಲಿ ಓಡಿದ ದಿನ ನನಗಾದ ಸಂತೋಷ, ಅಷ್ಟು ವರ್ಷದ ಸಂಬಳದ ದಿನಗಳಲ್ಲಿ ಒಮ್ಮೆಯೂ ಆಗಿರಲಿಲ್ಲ.

ಫ್ಯಾಕ್ಟರಿಯಲ್ಲಿ ಅಳತೆ ಅಂದರೆ 36, 38, 40. ಎಡಕ್ಕೂ ಬಲಕ್ಕೂ ಒಂದೇ. ಹಾಳೆ ಮೇಲೆ ಹಾಳೆ ಬಟ್ಟೆ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ, ಬೇರೆ ಮಾಡಲು ಅಲ್ಲಿ ದಾರಿಯೇ ಇಲ್ಲ. ಮನೆಯಲ್ಲಿ ನಿಮಗೆ ಆ ಕಟ್ಟು ಇಲ್ಲ ಅಕ್ಕ. ನಿಮ್ಮ ಎಡ ಬೇರೆ, ಬಲ ಬೇರೆ ಇದ್ದರೆ ಎರಡು ಪೇಪರ್ ಕತ್ತರಿಸಿದರಾಯಿತು.

ನೆನಪಿಡಿ, ಬಟ್ಟೆಯನ್ನು ಮಡಚಿ ಎರಡು ಮುಂಭಾಗ ಒಟ್ಟಿಗೆ ಕತ್ತರಿಸುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ನೀವು ಒಂದೊಂದೇ ಪದರ ಹಾಸಿ ಕತ್ತರಿಸಬೇಕು. ಪೇಪರ್ ಮೇಲೆ "ಎಡ, ಈ ಬದಿ ಮೇಲೆ" ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಉಲ್ಟಾ ಇಟ್ಟರೆ ಎಡದ್ದು ಬಲಕ್ಕೆ ಬರುತ್ತದೆ.

ಅಪ್ಪನ ಅಂಗಿ (ಹುಬ್ಬಳ್ಳಿ)

ನಾನು ಗಂಡಸು, ಆದರೂ ಇಲ್ಲಿ ಬರೆಯುತ್ತೇನೆ. ನಮ್ಮ ಅಪ್ಪನಿಗೆ ಪಾರ್ಶ್ವವಾಯು ಆಗಿ ಬಲಗೈ ಏಳುವುದಿಲ್ಲ. ಅಂಗಿ ಹಾಕಿಸುವಾಗ ದಿನಾ ಅವರಿಗೆ ನೋವು. ಹೇಳುತ್ತಿರಲಿಲ್ಲ, ಹಲ್ಲು ಕಚ್ಚಿಕೊಳ್ಳುತ್ತಿದ್ದರು.

ಒಂದು ಹಳೇ ಜುಬ್ಬ ತೆಗೆದುಕೊಂಡು, ಬಲಗಡೆ ಭುಜದ ಹೊಲಿಗೆ ಮತ್ತು ತೋಳಿನ ಮೇಲ್ಭಾಗ ಪೂರ್ತಿ ಬಿಚ್ಚಿದೆ. ಎರಡೂ ಅಂಚಿಗೆ ಪಟ್ಟಿ ಕೊಟ್ಟು ಪ್ರೆಸ್ ಬಟನ್ ಹಾಕಿದೆ. ಈಗ ಎಡಗೈ ತೋಳಿಗೆ ಹಾಕಿ, ತಲೆ ತೂರಿಸಿ, ಬಲಗೈಯ ಮೇಲೆ ಬಟ್ಟೆ ಹೊದಿಸಿ ಗುಂಡಿ ಒತ್ತಿದರೆ ಆಯಿತು. ಕೈ ಎತ್ತುವ ಕೆಲಸವೇ ಇಲ್ಲ. ಮೊದಲ ದಿನ ಹಾಕಿಸಿದಾಗ ಅಪ್ಪ ಎಡಗೈಯಿಂದ ಆ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ "ಇನ್ನೊಂದು ಹೊಲಿ" ಅಂದರು.

ಈಗ ಆರು ಜುಬ್ಬ ಇವೆ. ಬಟ್ಟೆ ಖಾದಿ, ನಮ್ಮ ಬೆಂಗೇರಿಯದೇ. ರಾಷ್ಟ್ರಧ್ವಜ ತಯಾರಾಗುವ ಖಾದಿ ಸಂಘ ಅಲ್ಲೇ ಇರುವುದು, 1957ರಿಂದ. ಖಾದಿಯನ್ನು ಕತ್ತರಿಸುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ನಾನು ಅಳೆದು ನೋಡಿದ್ದೇನೆ, 2 ಮೀಟರ್ ಬಟ್ಟೆ 1 ಮೀಟರ್ 91 ಸೆಂಟಿಮೀಟರ್ ಆಯಿತು. ನೆನೆಸದೆ ಹೊಲಿದಿದ್ದರೆ ಎರಡನೇ ಒಗೆತಕ್ಕೆ ಜುಬ್ಬ ಗಿಡ್ಡ ಆಗುತ್ತಿತ್ತು.

ಗಾಂಧೀಜಿ 1924ರಲ್ಲಿ ಯಂತ್ರಗಳ ಬಗ್ಗೆ ಮಾತಾಡುವಾಗ ಸಿಂಗರ್ ಹೊಲಿಗೆ ಮಷೀನು ಒಂದನ್ನು ಬೇರೆ ಇಟ್ಟು, ಅದು ಉಪಯೋಗದ ಯಂತ್ರ ಅಂದಿದ್ದರು. ಅಪ್ಪನೇ ನನಗೆ ಇದನ್ನು ಹೇಳಿದ್ದು. ಅವರು ಹಳೇ ಖಾದಿ ಮನುಷ್ಯ.

ಕೆಂಪು ದಾಸವಾಳ (ಶಿವಮೊಗ್ಗ)

ಎಲ್ಲರ ಮಾತು ಎರಡು ಸಲ ಓದಿದೆ. ಅಪ್ಪನ ಅಂಗಿ ಸರ್, ನಿಮ್ಮದನ್ನು ಅತ್ತೆಗೂ ಓದಿ ಹೇಳಿದೆ.

ಮಷೀನು ತಿರುಗಿತು! ಎರಡು ರಾತ್ರಿ ಬೇಕಾಯಿತು. ಹಲ್ಲಿನ ಕೆಳಗೆ ನೀಲಿ, ಕೆಂಪು, ಹಳದಿ ಧೂಳು ಪದರ ಪದರವಾಗಿ ಇತ್ತು. ಅತ್ತೆ ಕೈಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದುಕೊಂಡು "ಈ ಹಳದಿ ನಿನ್ನ ನಾದಿನಿ ಲಂಗದ್ದು" ಅಂದರು. ಅವರು ತುಳಿಯುವ ಸದ್ದು ಕೇಳಿಯೇ "ಹಿಂದಕ್ಕೆ ತಿರುಗಿತು ನೋಡು, ದಾರ ಹರಿಯುತ್ತೆ" ಅನ್ನುತ್ತಾರೆ. ನಿಜವಾಗಿ ಹರಿಯುತ್ತದೆ.

ಟೀಚರ್, ನೀವು ಕೇಳಿದ್ದಕ್ಕೆ ಉತ್ತರ. ಸಿಲಿಕಾನ್ ಪ್ಯಾಡ್ ಒಂದು ಇದೆ. ಭಾರ, ಸೆಕೆಗೆ ಬೆವರು, ಚರ್ಮ ಕೆಂಪಾಗುತ್ತದೆ. ಆಲೋಚನೆ ಮಾಡಿದೆ. ಸೆರಗು ಹೇಗೂ ಎಡಭುಜದ ಮೇಲೇ ಬರುತ್ತದೆ. ಎಡಗಡೆ ಚಪ್ಪಟೆಯಾಗೇ ಇರಲಿ. ಜೋಲು ಬೀಳಬಾರದು, ಗಾಯದ ಗೆರೆಗೆ ಹೊಲಿಗೆ ಉಜ್ಜಬಾರದು, ತೋಳು ಬಿಗಿಯಬಾರದು. ನನಗೆ ಬೇಕಾದ್ದು ಇಷ್ಟೇ.

ಅಳತೆ ನಾನೇ ಹೇಗೆ ತೆಗೆದುಕೊಳ್ಳಲಿ?

ದೂರದ ಮಳೆ (ನೆದರ್ಲೆಂಡ್ಸ್)

ನಾನು ಮೂಲ ಹಾಸನ. ಇಲ್ಲಿ ರವಿಕೆ ಹೊಲಿಯುವವರು ಸಿಗದೆ ನಾನೇ ಕಲಿತವಳು. ಸೀರೆಗಿಂತ ಹೊಲಿಗೆ ದುಬಾರಿ ಆಗುವ ಊರು ಇದು!

ನನ್ನ ಅಳತೆ ನಾನೇ ತೆಗೆದು ಮೂರು ರವಿಕೆ ಹಾಳಾದವು. ಬೆನ್ನಿನ ಅಳತೆ ತೆಗೆಯಲು ತಿರುಗಿದರೆ ಟೇಪು ಜಾರುತ್ತದೆ. ಕೊನೆಗೆ ಮೈಯಳತೆಯ ಒಂದು ಬೊಂಬೆಯನ್ನೇ ಮಾಡಿಕೊಂಡೆ. ಮೈಗೆ ಅಂಟುವ ಹಳೇ ಟೀಶರ್ಟ್ ಹಾಕಿಕೊಂಡು ನಿಲ್ಲಬೇಕು. ಇನ್ನೊಬ್ಬರು ಅದರ ಮೇಲೆ ಅಗಲ ಅಂಟುಪಟ್ಟಿಯನ್ನು ತುಂಡು ತುಂಡಾಗಿ ಎರಡು ಮೂರು ಪದರ ಅಂಟಿಸಬೇಕು. ಆಮೇಲೆ ಬೆನ್ನ ನಡುವೆ ಕತ್ತರಿಸಿ ಕಳಚಿ, ಸೀಳನ್ನು ಮತ್ತೆ ಅಂಟಿಸಿ, ಒಳಗೆ ಚಿಂದಿ ಬಟ್ಟೆ ತುಂಬಬೇಕು. ನಿಮ್ಮ ಎಡ, ನಿಮ್ಮ ಬಲ, ಭುಜದ ಇಳಿಜಾರು ಎಲ್ಲ ಹಾಗೇ ಬರುತ್ತದೆ. ಉಸಿರು ಸಹಜವಾಗಿರಲಿ, ಪಟ್ಟಿ ಜಗ್ಗಿ ಅಂಟಿಸಬಾರದು. ಅರ್ಧ ಗಂಟೆ ನಿಲ್ಲಬೇಕಾಗುತ್ತದೆ, ಊಟ ಮಾಡಿ ನಿಲ್ಲಿ. ಎಡತೋಳಿಗೆ ಮಾತ್ರ ಪಟ್ಟಿ ಸುತ್ತಿಸಬೇಡಿ, ತೋಳಿನ ಅಳತೆ ಟೇಪಿನಲ್ಲೇ ಸಾಕು.

ಬಾಬಿನ್ ಪೆಟ್ಟಿಗೆ (ಮೈಸೂರು)

ಬೊಂಬೆ ಚೆನ್ನಾಗಿದೆ, ಮಾಡಿಕೋ. ಅಷ್ಟಾಗದೇ ಹೋದರೆ ಟೇಪಿನಲ್ಲೇ ದಾರಿ ಹೇಳುತ್ತೇನೆ. ಮನೆಯಲ್ಲಿ ನಿನಗೆ ಸಂಕೋಚ ಇಲ್ಲದ ಒಬ್ಬರು ಸಹಾಯಕ್ಕೆ ಇರಲಿ.

ಎದೆಯ ಪೂರ್ತಿ ಸುತ್ತಳತೆ ನಿನಗೆ ಉಪಯೋಗ ಇಲ್ಲ. 36 ಬಂದರೆ ಎಲ್ಲರೂ ಅರ್ಧ ಮಾಡಿ 18, 18 ಅಂತ ಹಾಕುತ್ತಾರೆ. ನಿನ್ನ ರವಿಕೆ ಕೆಡುತ್ತಿರುವುದು ಅಲ್ಲೇ. ಬೆನ್ನುಹುರಿಯ ಮೇಲೆ ಒಂದು ಗುರುತು, ಮುಂದೆ ಎದೆಗೂಡಿನ ನಡುವೆ ಒಂದು ಗುರುತು. ಬಲಗಡೆಯಿಂದ ಒಂದು ಸಲ, ಎಡಗಡೆಯಿಂದ ಒಂದು ಸಲ ಅಳೆ. 19, 17 ಹೀಗೆ ಏನೋ ಬರುತ್ತದೆ. ಹಾಗೇ ಭುಜದಿಂದ ಸೊಂಟದ ಪಟ್ಟಿಯವರೆಗಿನ ಉದ್ದವನ್ನೂ ಎರಡೂ ಕಡೆ ಬೇರೆ ಬೇರೆ ತೆಗೆ. ಎಡತೋಳಿನ ಸುತ್ತಳತೆಯನ್ನು ಸಂಜೆ ಅಳೆ. ದಿನವಿಡೀ ಕೆಲಸ ಮಾಡಿದ ಮೇಲೆ ಊತ ಜಾಸ್ತಿ ಇರುತ್ತದೆ, ಆ ಅಳತೆಯೇ ಬೇಕು.

ಬಲ ಮುಂಭಾಗ ಮಾಮೂಲಿ, ಮೂರು ಟಕ್ಸ್ (ಎದೆಯ ಉಬ್ಬಿಗೆ ಹಾಕುವ ಮಡಿಕೆ ಹೊಲಿಗೆ). ಎಡ ಮುಂಭಾಗಕ್ಕೆ ಟಕ್ಸ್ ಬೇಡವೇ ಬೇಡ. ಬೆನ್ನಿನ ಪೇಪರ್ ಇಟ್ಟು ಅದನ್ನೇ ನಕಲು ತೆಗೆ. ಕತ್ತು ಮುಂಭಾಗದಷ್ಟು ಇಳಿಸು, ಆದರೆ ನೀನು ಸಾಮಾನ್ಯ ಇಡಿಸುವುದಕ್ಕಿಂತ ಒಂದಿಂಚು ಮೇಲೆ ಇರಲಿ. ಕೆಳಗೆ ಆಧಾರ ಇಲ್ಲದಿದ್ದಾಗ ಆಳದ ಕತ್ತು ಬಾಯಿ ಬಿಡುತ್ತದೆ. ಕತ್ತು ಎರಡೂ ಕಡೆ ಸಮ ಬರಬೇಕಲ್ಲ, ಹಾಗಾಗಿ ಬಲಗಡೆಯೂ ಒಂದಿಂಚು ಏರಿಸು. ತೋಳು ಕೂರಿಸುವ ತೋಳುಕುಣಿಯನ್ನು ಬೆನ್ನಿನದಕ್ಕಿಂತ ಅರ್ಧ ಇಂಚು ಒಳಕ್ಕೆ ತಿದ್ದು. ಹುಕ್ಕಿನ ಪಟ್ಟಿಗೆ ಬಟ್ಟೆ ಬಿಡು.

ಬಲಗಡೆ ಟಕ್ಸ್ ಹೊಲಿದ ಮೇಲೆ ಎರಡೂ ಮುಂಭಾಗವನ್ನು ಪಕ್ಕಪಕ್ಕ ಹಿಡಿ. ಹುಕ್ಕು ಬರುವ ಅಂಚು ಎರಡರದ್ದೂ ಒಂದೇ ಉದ್ದ ಇರಬೇಕು. ಇಲ್ಲಿ ಕಾಲಿಂಚು ತಪ್ಪಿದರೂ ಕೆಳಗೆ ಸೊಂಟದ ಪಟ್ಟಿ ಮೇಲೆ ಕೆಳಗೆ ಆಗುತ್ತದೆ.

ಹೊಲಿಗೆಯ ಅಂಚುಗಳೆಲ್ಲ ಲೈನಿಂಗ್ ಮತ್ತು ಮೇಲಿನ ಬಟ್ಟೆಯ ನಡುವೆ ಹೋಗುವ ಹಾಗೆ ಜೋಡಿಸು. ಮೈಗೆ ತಾಗುವುದು ಲೈನಿಂಗಿನ ನುಣುಪು ಬದಿ ಮಾತ್ರ. ಲೈನಿಂಗಿಗೆ ಮೆತ್ತನೆ ಮಲ್ ಹಾಕು. ಮೇಲಿನ ಬಟ್ಟೆ 80 ಸೆಂಟಿಮೀಟರ್ ಸಾಕಾಗುತ್ತದೆ ಅನ್ನುತ್ತಾರೆ, ನೀನು ಒಂದೊಂದೇ ಪದರ ಕತ್ತರಿಸುವುದರಿಂದ ಒಂದು ಮೀಟರೇ ತಗೋ.

ಪೀಣ್ಯ ಲೈನ್

ಟೀಚರಮ್ಮ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಡಗೈಗೆ ಸೂಜಿ ಚುಚ್ಚಬಾರದು ಅಕ್ಕ. ನಮ್ಮ ಚಿಕ್ಕಮ್ಮನಿಗೂ ಇದೇ ಆಪರೇಷನ್ ಆಗಿತ್ತು. ಆ ಕೈಗೆ ಗಾಯ, ಸುಟ್ಟ ಗಾಯ ಏನೂ ಆಗದ ಹಾಗೆ ನೋಡಿಕೊಳ್ಳಿ, ಸೋಂಕು ಬೇಗ ಹಿಡಿಯುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಕೈಹೊಲಿಗೆ ಹಾಕುವಾಗ ಎಡಗೈ ಬೆರಳಿಗೆ ಅಂಗುಸ್ತಾನ (ಬೆರಳ ತುದಿಯ ಟೋಪಿ) ಹಾಕಿಕೊಳ್ಳಿ. ಇಸ್ತ್ರಿ ಮಾಡುವಾಗ ಹುಷಾರು. ಗುಂಡುಪಿನ್ನಿನ ಬದಲು ಕ್ಲಿಪ್ ಉಪಯೋಗಿಸಿ, ಬಟ್ಟೆ ಒಣಗಿಸುವ ಸಣ್ಣ ಕ್ಲಿಪ್ಪೂ ನಡೆಯುತ್ತದೆ.

ಕಾಲು ಮಷೀನು ನಿಮಗೆ ಒಳ್ಳೆಯದೇ. ಕೆಲಸ ಕಾಲಿನದು, ಎಡಗೈ ಬಟ್ಟೆಯನ್ನು ಸುಮ್ನೆ ನಡೆಸಿದರೆ ಸಾಕು. ಆದರೆ ಅರ್ಧ ಗಂಟೆಗೊಮ್ಮೆ ಏಳಿ. ನಮ್ಮ ಲೈನಿನಲ್ಲಿ ಎದ್ದರೆ ಬೈಸಿಕೊಳ್ಳಬೇಕಿತ್ತು. ನಿಮ್ಮ ಮನೆ ಅದು, ಏಳಿ.

ಇಳಕಲ್ ಸೆರಗು (ಬಾಗಲಕೋಟೆ)

ನಮಸ್ಕಾರ ಅಕ್ಕಾರ. ಟ್ರಯಲ್ ಮುಗದ ಮ್ಯಾಲೆ ಗುಳೇದಗುಡ್ಡ ಖಣದಾಗ ಒಂದು ಹೊಲ್ಕೊಳ್ರಿ. ಖಣ ಅಂದರೆ ರವಿಕೆಗಂತಲೇ ನೇಯ್ದ ಬಟ್ಟೆ, ಅಗಲ ಕಡಿಮೆ, ಎರಡೂ ಕಡೆ ಅಂಚು. ಆ ಅಂಚು ತೋಳಿನ ತುದಿಗೆ ಬರುವ ಹಾಗೆ ಕತ್ತರಿಸಬೇಕು, ಆಗ ತೋಳಿಗೆ ಮಡಿಕೆಯ ಹೊಲಿಗೆಯೇ ಬೇಡ. ನಿಮ್ಮ ಊದಿದ ತೋಳಿಗೆ ದಪ್ಪ ಮಡಿಕೆ ಒತ್ತುವುದಿಲ್ಲ.

ಉಳಿದ ಚೂರು ಎಸೆಯಬೇಡ್ರಿ. ನಮ್ಮ ಕಡೆ ಕೌದಿಗೆ, ಅಂದರೆ ಚೂರು ಬಟ್ಟೆಯ ಹೊದಿಕೆಗೆ, ಹಾಕುತ್ತೇವೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರೇನು? ಅಂಚಿನಿಂದ ಶುರು ಮಾಡಿ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಬಟ್ಟೆಯ ಸಣ್ಣ ತ್ರಿಕೋನ ಮಡಚಿ ಹೂವಿನ ಹಾಗೆ ಇಡುತ್ತಾರೆ. ಅದು ಇಲ್ಲದಿದ್ದರೆ ಕೌದಿ ಬರಿಮೈಯಲ್ಲಿದೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಂಥದ್ದು ಒಂದಿದೆ, ನನ್ನ ಮದುವೆಗೆ ಬಂದದ್ದು.

ಹೊಸ ಸೂಜಿ

ಪೇಪರ್ ಇಲ್ಲದೆ ಸೀದಾ ಬಟ್ಟೆ ಮೇಲೇ ಚಾಕ್‌ನಲ್ಲಿ ಗುರುತು ಹಾಕಿ ಕತ್ತರಿಸಬಾರದಾ? ನಮ್ಮ ಬೀದಿಯ ಟೇಲರ್ ಹಾಗೇ ಮಾಡುತ್ತಾರೆ.

ಬಾಬಿನ್ ಪೆಟ್ಟಿಗೆ (ಮೈಸೂರು)

ಅವರು ದಿನಕ್ಕೆ ಹತ್ತು ರವಿಕೆ ಕತ್ತರಿಸುವವರು. ಅವರ ಪೇಪರ್ ಅವರ ತಲೆಯಲ್ಲೇ ಇದೆ. ನಮಗೆ ಪೇಪರ್ ಬೇಕು. ಒಮ್ಮೆ ಸರಿಯಾಗಿ ಕೂತ ಮೇಲೆ ಅದೇ ಪೇಪರ್ ವರ್ಷಗಟ್ಟಲೆ ಬರುತ್ತದೆ. ಸುದ್ದಿಪತ್ರಿಕೆ ಬೇಡ, ಶಾಯಿ ಬಿಳಿ ಬಟ್ಟೆಗೆ ಹತ್ತುತ್ತದೆ. ಪುಸ್ತಕಕ್ಕೆ ಹಾಕುವ ಕಂದು ಕಾಗದ ತಗೊಳ್ಳಿ.

ಕೆಂಪು ದಾಸವಾಳ (ಶಿವಮೊಗ್ಗ)

ಐದು ವಾರ ಆಯಿತು. ದಿಂಬಿನ ಕವರ್ ನಾಲ್ಕು, ಒಳಲಂಗ ಎರಡು ಮುಗಿದಿವೆ. ಪಂಚೆಯಲ್ಲಿ ಎರಡು ಟ್ರಯಲ್ ಹೊಲಿದೆ.

ಮೊದಲನೆಯದರಲ್ಲಿ ಎಡಗಡೆ ಎದೆ ಎಷ್ಟು ಚೆನ್ನಾಗಿ ಕೂತಿತು ಅಂದರೆ, ಕನ್ನಡಿ ಮುಂದೆ ತುಂಬಾ ಹೊತ್ತು ನಿಂತೆ. ಎರಡು ವರ್ಷದಲ್ಲಿ ಮೊದಲ ಸಲ ಬಟ್ಟೆ ನನ್ನ ಮೈ ಮೇಲೆ ಮಡಿಕೆಯಿಲ್ಲದೆ ಇತ್ತು. ಆದರೆ ಎಡಕಂಕುಳಲ್ಲಿ ಬಿಗಿ. ಹಾಗಾಗಿ ಎರಡನೆಯದರಲ್ಲಿ ತೋಳುಕುಣಿಯನ್ನು ಮುಕ್ಕಾಲು ಇಂಚು ಕೆಳಗೆ ಕತ್ತರಿಸಿದೆ. ಈಗ ಕೈ ಕೆಳಗಿದ್ದಾಗ ಆರಾಮ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದರೆ ಇಡೀ ರವಿಕೆ ಆ ಕಡೆಯಿಂದ ಮೇಲೆ ಏಳುತ್ತದೆ, ಸೊಂಟದ ಪಟ್ಟಿ ಎದೆಗೆ ಬರುತ್ತದೆ. ಇನ್ನೂ ಕೆಳಗೆ ಕತ್ತರಿಸಲಾ?

ಪೀಣ್ಯ ಲೈನ್

ಬೇಡ ಅಕ್ಕ, ಕತ್ತರಿ ಕೆಳಗಿಡಿ! ಎಲ್ಲರೂ ಮಾಡುವ ತಪ್ಪು ಇದು. ತೋಳುಕುಣಿ ಕೆಳಗೆ ಹೋದಷ್ಟೂ ಕೈ ಎತ್ತಿದಾಗ ರವಿಕೆ ಜಾಸ್ತಿ ಏಳುತ್ತದೆ. ತೋಳು ಪಕ್ಕೆಯ ಬಟ್ಟೆಯನ್ನು ಹಿಡಿದುಕೊಂಡು ಎಳೆಯುತ್ತದೆ, ಅದಕ್ಕೆ. ತೋಳುಕುಣಿ ಕಂಕುಳಿನ ಹತ್ತಿರ ಇದ್ದರೆ ತೋಳು ಮಾತ್ರ ಮೇಲೆ ಹೋಗುತ್ತದೆ, ರವಿಕೆ ಇದ್ದಲ್ಲೇ ಇರುತ್ತದೆ.

ಮೊದಲಿನ ಎತ್ತರಕ್ಕೇ ಹಿಂದಕ್ಕೆ ಹೋಗಿ. ಬಿಗಿ ಅನ್ನಿಸಿದ್ದು ಆಳ ಸಾಲದೆ ಅಲ್ಲ, ತೋಳಿನ ಬಟ್ಟೆಗೆ ಅಗಲ ಸಾಲದೆ.

ಅಪ್ಪನ ಅಂಗಿ (ಹುಬ್ಬಳ್ಳಿ)

ಅಗಲಕ್ಕೆ ಹಳೇ ಜುಬ್ಬದ ದಾರಿ ಇದೆಯಲ್ಲ. ಅಪ್ಪನ ಹಳೇ ಜುಬ್ಬ ಬಿಚ್ಚಿದಾಗ ಕಂಕುಳಲ್ಲಿ ಒಂದು ಚೌಕದ ತುಂಡು ಕಂಡಿತು. ಪಕ್ಕೆಯ ಹೊಲಿಗೆ ಮತ್ತು ತೋಳಿನ ಹೊಲಿಗೆ ಕೂಡುವ ಜಾಗದಲ್ಲಿ ಮೂಲೆ ಮೇಲೆ ಮಾಡಿ ಇಟ್ಟು ಹೊಲಿದಿದ್ದರು. ಕೈ ಕೆಳಗಿದ್ದಾಗ ಒಳಗೆ ಮಡಚಿಕೊಳ್ಳುತ್ತದೆ, ಎತ್ತಿದಾಗ ಬಿಚ್ಚಿಕೊಳ್ಳುತ್ತದೆ. ಮೇಡಂ ಎಡಗಡೆಗೆ ಮಾತ್ರ ಅದನ್ನು ಇಡಬಹುದು, ಅಲ್ವಾ ಟೀಚರ್?

ಬಾಬಿನ್ ಪೆಟ್ಟಿಗೆ (ಮೈಸೂರು)

ಇಡಬಹುದು. ಚೆನ್ನಾಗಿ ಹೇಳಿದಿರಿ. ನಾನು ಕ್ಲಾಸಿನಲ್ಲಿ ಇದನ್ನು ಹೇಳಿಕೊಡುವುದನ್ನೇ ಬಿಟ್ಟಿದ್ದೆ, ಯಾರೂ ಕೇಳುತ್ತಿರಲಿಲ್ಲ.

ತಂಗಿ, ಹೊಲಿಗೆಗೆ ಬಿಡುವುದು ಸೇರಿ 3 ಇಂಚಿನ ಚೌಕ ಕತ್ತರಿಸು. ಕಂಕುಳಲ್ಲಿ ನಾಲ್ಕು ಹೊಲಿಗೆ ಕೂಡುವ ಜಾಗವನ್ನು ಒಂದೂವರೆ ಇಂಚು ಪಕ್ಕೆಗೆ, ಒಂದೂವರೆ ಇಂಚು ತೋಳಿಗೆ ಬಿಚ್ಚು. ಚೌಕದ ಒಂದು ಮೂಲೆ ಪಕ್ಕೆಯ ಕಡೆ, ಎದುರಿನದು ತೋಳಿನ ಕಡೆ. ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡು, ಆಮೇಲೆ ಮಷೀನು. ಮೂಲೆ ಬಂದಾಗ ಸೂಜಿ ಬಟ್ಟೆಯೊಳಗೇ ಇರಲಿ, ಪಾದ ಎತ್ತಿ ಬಟ್ಟೆ ತಿರುಗಿಸಿ ಪಾದ ಇಳಿಸು. ನಾಲ್ಕು ಮೂಲೆಗೂ ನಿಧಾನ. ಆ ತುಂಡಿನ ಹೊಲಿಗೆ ಅಂಚೂ ಲೈನಿಂಗಿನ ಹಿಂದೆ ಹೋಗಬೇಕು.

ಎಡಪಕ್ಕೆಯಲ್ಲಿ ಒಂದೂವರೆ ಇಂಚು ಮಾರ್ಜಿನ್ ಬಿಟ್ಟಿರು. ಊತ ಏರುಪೇರಾದರೆ ಒಂದು ಸಾಲು ಬಿಚ್ಚಿದರೆ ಸಾಕು.

ಕೆಂಪು ದಾಸವಾಳ (ಶಿವಮೊಗ್ಗ)

ಮೂರನೇ ಟ್ರಯಲ್ ಕೂತಿತು. ಚೌಕದ ನಾಲ್ಕು ಮೂಲೆಗೆ ಒಂದು ಸಂಜೆ ಪೂರ್ತಿ ಹೋಯಿತು. ಎರಡು ಸಲ ಬಿಚ್ಚಿದೆ. ಅತ್ತೆ ಪಕ್ಕದಲ್ಲಿ ಕೂತು ಬೆರಳಲ್ಲಿ ಮೂಲೆ ಸವರಿ "ಇಲ್ಲಿ ನಿರಿಗೆ ಇದೆ" ಅನ್ನುತ್ತಿದ್ದರು. ನನಗೆ ಕಾಣದ ನಿರಿಗೆ ಅವರ ಬೆರಳಿಗೆ ಸಿಗುತ್ತಿತ್ತು. ಕೊನೆಗೆ ಬೆರಳು ಸುತ್ತು ಹಾಕಿ ಏನೂ ಹೇಳದೆ ಬಟ್ಟೆ ನನ್ನ ಕೈಗೆ ಕೊಟ್ಟರು.

ನಿನ್ನೆ ಕಂದು ಕಾಗದಕ್ಕೆ ಎಲ್ಲ ಇಳಿಸಿ, ಮಾವಿನೆಲೆ ಹಸಿರು ಕಾಟನ್ ಬಟ್ಟೆ ನೆನೆಸಿ ಒಣಗಿಸಿ ಕತ್ತರಿಸಿದೆ. ಇವತ್ತು ಮಧ್ಯಾಹ್ನ ಹೊಲಿದು ಮುಗಿಯಿತು. ತೊಟ್ಟುಕೊಂಡು ಎರಡೂ ಕೈ ಮೇಲೆತ್ತಿದೆ. ಸೊಂಟದ ಪಟ್ಟಿ ಅಲ್ಲಾಡಲಿಲ್ಲ.

ಇನ್ನು ಹುಕ್ಕು ಬಾಕಿ. ಎಡಗೈ ಬೆರಳು ಸಂಜೆ ಹೊತ್ತಿಗೆ ಬಿಗಿಯಾಗುತ್ತವೆ, ಸಣ್ಣ ಹುಕ್ಕು ಹಿಡಿಯಲು ಕಷ್ಟ. ಏನು ಮಾಡಲಿ?

ದೂರದ ಮಳೆ (ನೆದರ್ಲೆಂಡ್ಸ್)

ಓದಿ ಕಣ್ಣು ತುಂಬಿತು ಅಕ್ಕ. ಫೋಟೋ ಬೇಕಿಲ್ಲ, ಬಣ್ಣ ಕಣ್ಣ ಮುಂದೆ ಬಂತು.

ಬಾಬಿನ್ ಪೆಟ್ಟಿಗೆ (ಮೈಸೂರು)

ಹುಕ್ಕು ದೊಡ್ಡ ನಂಬರಿನದು ತಗೋ, ಐದೇ ಹಾಕು. ಹುಕ್ಕನ್ನು ನಿನ್ನ ಬಲಗೈ ಹಿಡಿಯುವ ಪಟ್ಟಿಗೆ ಹಾಕು, ಹುಕ್ಕು ಸಿಕ್ಕಿಸುವ ಕಾಜಾ ಎಡಗೈ ಹಿಡಿಯುವ ಪಟ್ಟಿಗೆ. ಎಡಗೈ ಆಗ ಪಟ್ಟಿಯನ್ನು ಸುಮ್ನೆ ಹಿಡಿದುಕೊಂಡರೆ ಸಾಕು, ತೂರಿಸುವ ಕೆಲಸ ಬಲಗೈಯದು. ದಾರದ ಕಾಜಾ ಬೇಡ, ತಂತಿಯದು ಹಾಕು, ಅದು ಬಾಯಿ ಬಿಟ್ಟುಕೊಂಡೇ ಇರುತ್ತದೆ. ಅದರ ಹಿಂದೆ ಮಲ್ ಬಟ್ಟೆಯ ಒಂದಿಂಚು ಪಟ್ಟಿ ಕೊಡು, ಲೋಹ ಚರ್ಮಕ್ಕೆ ತಾಗಬಾರದು.

ಮೊದಲು ಮೇಲಿನದು, ಆಮೇಲೆ ಕೆಳಗಿನದು ಹಾಕಿ ತೊಟ್ಟು ನೋಡು. ನಡುವಿನ ಮೂರನ್ನು ಮೈ ಮೇಲೆ ಇರುವಾಗಲೇ ಚಾಕ್‌ನಲ್ಲಿ ಗುರುತು ಮಾಡು. ಅಂಗುಸ್ತಾನ ಮರೆಯಬೇಡ.

ಕೆಂಪು ದಾಸವಾಳ (ಶಿವಮೊಗ್ಗ)

ಸರಿ ಟೀಚರ್. ನಾಳೆ ಶಾಲೆ ಮುಗಿದ ಮೇಲೆ ಗಾಂಧಿ ಬಜಾರಿಗೆ ಹೋಗಿ ದೊಡ್ಡ ಹುಕ್ಕು ತರುತ್ತೇನೆ. ಸೋಮವಾರ ಇದನ್ನು ತೊಟ್ಟು ಬಸ್ಸಿಗೆ ಹೋಗಬೇಕು.

ಇಳಕಲ್ ಸೆರಗು ಅವರೇ, ಖಣ ಎಷ್ಟು ತರಿಸಲಿ? ಅಗಲ ಕಡಿಮೆ ಅಂದಿರಿ. ಎಡಗಡೆಯ ಚೌಕಕ್ಕೂ ಸೇರಿಸಿ ಹೇಳಿ.